ಬಾಣಂತಿ ಕೋಣೆಯಲ್ಲಿ ಇದ್ದಿಲ ಕೆಂಡ: ಕೊಳ್ಳುವ ಮುನ್ನ, ಹೊತ್ತಿಸುವ ಮುನ್ನ

ಬೆಂಗಳೂರು: ಪುಷ್ಯ ಮಾಸದ ಬೆಳಗಿನ ಜಾವ ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ನಿಂತವರಿಗೆ ಬೆಂಗಳೂರಿನ ಚಳಿಯ ಪರಿಚಯ ಚೆನ್ನಾಗಿಯೇ ಆಗುತ್ತದೆ. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಈ ತಾಣ ವೃಷಭಾವತಿ ಕಣಿವೆಯ ತಗ್ಗಿನಲ್ಲಿದೆ. ರಾತ್ರಿ ಇಳಿದ ತಣ್ಣನೆಯ ಗಾಳಿ ಬಿಸಿಲೇರುವವರೆಗೆ ಇಂತಹ ತಗ್ಗಿನಲ್ಲಿಯೇ ತಂಗಿರುತ್ತದೆ. ಮೇಲೆ 2021ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದ ಮೆಟ್ರೊ ಮಾರ್ಗ; ಕೆಳಗೆ, ಓಣಿಯ ತಿರುವಿನಲ್ಲಿ, ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುವವರ ಎದುರು ಹಾರುವ ಕಿಡಿ. ಎರಡೂ ಒಂದೇ ಊರಿಗೆ ಸೇರಿದವು.

ನಗರದ ಮನೆಗಳಿಂದ ಸೌದೆಯೂ ಇದ್ದಿಲೂ ಮರೆಯಾಗಿ ಬಹುಕಾಲವಾಯಿತೆಂದು ಭಾವಿಸುವವರೇ ಹೆಚ್ಚು. ಅಡುಗೆಮನೆಯ ಮಟ್ಟಿಗೆ ಅದು ಬಹುತೇಕ ನಿಜ. ಆದರೆ ಇದ್ದಿಲಿನ ಮೂಟೆ ಇನ್ನೂ ಮಾರಾಟವಾಗುತ್ತಿದೆ. ಇಸ್ತ್ರಿ ಅಂಗಡಿಗೆ, ಬಚ್ಚಲ ಬಾಯ್ಲರಿಗೆ, ಸಂಜೆಯ ಸಾಂಬ್ರಾಣಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಬಾಣಂತನದ ಮನೆಗೆ. ಮಗಳು ಹೆರಿಗೆಗೆ ತವರಿಗೆ ಬಂದಳೆಂದರೆ ಖಾರದಪುಡಿ, ಅಂಟಿನುಂಡೆ, ಕೊಬ್ಬರಿ, ಒಣಶುಂಠಿಯ ಜೊತೆಗೆ ಒಂದು ಚೀಲ ಇದ್ದಿಲನ್ನೂ ತಂದಿರಿಸುವ ಪದ್ಧತಿ ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಹಲವು ಮನೆಗಳಲ್ಲಿ ಅಳಿದಿಲ್ಲ. ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರಲ್ಲಿ ನಿಗಿನಿಗಿ ಕೆಂಡ, ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡ ತಾಯಿ, ಪಕ್ಕದಲ್ಲಿ ಕೂಸು. ಈ ಚಿತ್ರ ಕನ್ನಡ ನಾಡಿನ ಬಹುತೇಕ ಕುಟುಂಬಗಳ ನೆನಪಿನಲ್ಲಿದೆ. ಅದರಲ್ಲಿರುವ ಅಪಾಯ ಮಾತ್ರ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಬೆಂಗಳೂರಿನ ಚಳಿಯೇನೂ ಪ್ರಾಣಾಂತಿಕವಲ್ಲ. ಡಿಸೆಂಬರ್ ಮತ್ತು ಜನವರಿಯಲ್ಲಿ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹೀಗಾಗಿಯೇ ಇಲ್ಲಿನ ಮನೆಗಳಲ್ಲಿ ಕೋಣೆ ಬೆಚ್ಚಗಿಡಲೆಂದು ಪ್ರತ್ಯೇಕ ಒಲೆಯಾಗಲಿ, ಅದಕ್ಕೊಂದು ಹೊಗೆಗೂಡಾಗಲಿ ಇರುವುದಿಲ್ಲ. ಕಂಟೋನ್ಮೆಂಟ್ ಕಡೆಯ ಕೆಲವು ಹಳೆಯ ಬಂಗಲೆಗಳ ಮಾತು ಬೇರೆ. ಚಳಿ ಅಲ್ಪವೆಂಬ ಕಾರಣಕ್ಕೇ ಅದರ ನಿವಾರಣೆಯೂ ತಾತ್ಕಾಲಿಕ ಏರ್ಪಾಡಾಗಿ ಉಳಿದಿದೆ. ತೊಡಕು ಆರಂಭವಾಗುವುದು ಅಲ್ಲಿಯೇ.

ಇದ್ದಿಲು, ಕಲ್ಲಿದ್ದಲು

ಕನ್ನಡದಲ್ಲಿ ಮರದಿಂದ ಆದದ್ದು ಇದ್ದಿಲು. ನೆಲದಿಂದ ಅಗೆದದ್ದು ಕಲ್ಲಿದ್ದಲು. ಮನೆಯವರು ಮೊದಲು ಕಂಡದ್ದು ಮರದ ಇದ್ದಿಲನ್ನೇ ಎಂಬುದನ್ನು ಹೆಸರೇ ಹೇಳುತ್ತದೆ. ಕರ್ನಾಟಕದಲ್ಲಿ ಅಗೆದು ತೆಗೆಯಬಲ್ಲ ಕಲ್ಲಿದ್ದಲು ಇಲ್ಲ. ಲಾಲ್‌ಬಾಗಿನ ಬಂಡೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಆ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ದೇಶದ ಪ್ರಮುಖ ಕಲ್ಲಿದ್ದಲು ಪದರಗಳಾದರೋ ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಹೂತುಹೋದ ಸಸ್ಯರಾಶಿಯಿಂದ ಆದವು. ಬೆಂಗಳೂರಿನ ಕೆಳಗಿನ ಕಲ್ಲು ಹುಟ್ಟಿದಾಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ಸನಿಹದ ದೊಡ್ಡ ನಿಕ್ಷೇಪವೆಂದರೆ ತೆಲಂಗಾಣದ ಸಿಂಗರೇಣಿ. 1985ರಲ್ಲಿ ಮೊದಲ ಘಟಕ ಆರಂಭಿಸಿದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ರೈಲಿನಲ್ಲಿಯೇ ಬರಬೇಕು.

ಕಲ್ಲಿದ್ದಲಿನ ಜಾತಿಗಳಲ್ಲಿ ಅತ್ಯಂತ ಹಳೆಯದೂ ಗಟ್ಟಿಯೂ ಆದುದು ಆಂಥ್ರಸೈಟ್. ಕನ್ನಡಿಯಂತೆ ಹೊಳೆಯುವ ಈ ಕಲ್ಲಿನಲ್ಲಿ ಇಂಗಾಲದ ಪ್ರಮಾಣ ಶೇ. 86ಕ್ಕಿಂತ ಹೆಚ್ಚು. ಕೈಗೆ ಮಸಿ ಹತ್ತುವುದು ಕಡಿಮೆ, ಹೊಗೆಯಂತೂ ಇಲ್ಲವೆಂದೇ ಹೇಳಬೇಕು. ಭಾರತದಲ್ಲಿ ಅದಕ್ಕೆ ಹತ್ತಿರವಾದ ಕಲ್ಲಿದ್ದಲು ಜಮ್ಮು ಪ್ರದೇಶದ ರಿಯಾಸಿ ಸುತ್ತಮುತ್ತ ಅಲ್ಪಸ್ವಲ್ಪ ಸಿಗುತ್ತದೆಯಷ್ಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಅದು ಮನೆಮನೆಯ ಇಂಧನವಾಯಿತು. ಸುಲಭವಾಗಿ ಹೊತ್ತದ ಈ ಕಲ್ಲನ್ನು ತಿದಿಯ ನೆರವಿಲ್ಲದೆ, ಕೇವಲ ಕಬ್ಬಿಣದ ಜಾಲರಿಯ ಮೇಲಿಟ್ಟು ಕೆಳಗಿನಿಂದ ಗಾಳಿ ಆಡಲು ಬಿಟ್ಟು ಉರಿಸಬಹುದೆಂದು 1808ರ ಫೆಬ್ರುವರಿ 11ರಂದು ವಿಲ್ಕ್ಸ್-ಬ್ಯಾರಿ ಎಂಬ ಊರಿನ ಜೆಸ್ಸಿ ಫೆಲ್ ತೋರಿಸಿಕೊಟ್ಟ. ಅಲ್ಲಿನ ಕೆಲವು ಮನೆಗಳಲ್ಲಿ ಇಂದಿಗೂ ಆಂಥ್ರಸೈಟ್ ಒಲೆಗಳಿವೆ. ಅವುಗಳ ಕಥೆಯಲ್ಲಿ ಇಲ್ಲಿನವರು ಗಮನಿಸಬೇಕಾದ ಅಂಶ ಒಂದೇ. ಹೊಗೆಯೇ ಇಲ್ಲದ ಆ ಒಲೆಗೂ ಅಲ್ಲಿ ಹೊಗೆಕೊಳವೆ ಇಲ್ಲದೆ ನಡೆಯದು. ಕೊಳವೆಯನ್ನು ವರ್ಷಕ್ಕೊಮ್ಮೆ ಶುಚಿಗೊಳಿಸಲಾಗುತ್ತದೆ. ಮಲಗುವ ಕೋಣೆಯ ಬಳಿ ವಿಷಾನಿಲದ ಸುಳಿವು ಕೊಡುವ ಯಂತ್ರವಿರುತ್ತದೆ. ಹೊಗೆ ಕಾಣದ ಬೆಂಕಿಗೆ ಅಷ್ಟು ಖರ್ಚು ಮಾಡಿ ಕೊಳವೆ ಏಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಗ್ಗಿಷ್ಟಿಕೆಗೂ ಅನ್ವಯಿಸುತ್ತದೆ. ಅದಕ್ಕೆ ಮುನ್ನ ಇದ್ದಿಲು ಎಲ್ಲಿಂದ ಬರುತ್ತದೆ, ಹೇಗೆ ಕೊಳ್ಳಬೇಕು ಎಂಬುದನ್ನು ನೋಡಬಹುದು.

ಮೂಟೆಯೊಳಗೇನಿದೆ?

ಕಟ್ಟಿಗೆಯನ್ನು ಒತ್ತಾಗಿ ಒಟ್ಟಿ, ಹುಲ್ಲು ಮಣ್ಣುಗಳಿಂದ ಮುಚ್ಚಿ, ಗಾಳಿ ಅಷ್ಟಕ್ಕಷ್ಟೇ ತಾಗುವಂತೆ ದಿನಗಟ್ಟಲೆ ಬೇಯಿಸಿದರೆ ಉಳಿಯುವುದು ಇದ್ದಿಲು. ನೀರು, ಟಾರು, ಆವಿಯಾಗುವ ಇತರ ಪದಾರ್ಥಗಳೆಲ್ಲ ಗೂಡಿನಲ್ಲಿಯೇ ಹೊರಟುಹೋಗುತ್ತವೆ. ಸಾಂಪ್ರದಾಯಿಕ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ನಾಲ್ಕರಿಂದ ಆರು ಕಿಲೋ ಕಟ್ಟಿಗೆ ಬೇಕು. ಅಂದರೆ ಪೇಟೆಯವರು ಕಾಣದ ಹೊಗೆಯನ್ನು ಬೇರೊಂದು ಊರಿನ ಕೂಲಿಕಾರರು ಕುಡಿದಿರುತ್ತಾರೆ.

ಈ ಭಾಗದ ಇದ್ದಿಲಿನಲ್ಲಿ ದೊಡ್ಡ ಪಾಲು ಬಳ್ಳಾರಿ ಜಾಲಿಯದು. ಅಮೆರಿಕ ಖಂಡದ ಮೂಲದ ಈ ಮುಳ್ಳುಗಿಡ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದು, ಬಯಲುಸೀಮೆಯ ಕೆರೆಯಂಗಳ, ಗೋಮಾಳಗಳನ್ನೆಲ್ಲ ಆವರಿಸಿತು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಇದೇ ಜಾಲಿಯ ಇದ್ದಿಲು ಸಹಸ್ರಾರು ಕುಟುಂಬಗಳ ಜೀವನೋಪಾಯ. ಗಟ್ಟಿ ಮರವಾದ್ದರಿಂದ ಇದರ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ತಿಪಟೂರು ಸೀಮೆಯ ತೆಂಗಿನ ಚಿಪ್ಪಿನಿಂದಾದ ಇದ್ದಿಲೂ ಉತ್ತಮವೇ. ಆದರೆ ಅದಕ್ಕೆ ಶೋಧಕ ಇಂಗಾಲ ತಯಾರಿಸುವ ಕಾರ್ಖಾನೆಗಳಿಂದ ಒಳ್ಳೆಯ ಬೇಡಿಕೆ ಇರುವುದರಿಂದ ಒಲೆಗೆ ಬರುವುದು ಕಡಿಮೆ.

ಇದ್ದಿಲಿಗೆ ಈ ರಾಜ್ಯದಲ್ಲಿ ಘನವಾದ ಇತಿಹಾಸವೇ ಇದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು ಕಲ್ಲಿದ್ದಲನ್ನು ನಂಬಿ ಅಲ್ಲ. ಮಲೆನಾಡಿನ ಮರದ ಇದ್ದಿಲನ್ನು ನಂಬಿ. ಕಾಡಿನ ಮೇಲೆ ಅಂಥ ಹೊರೆ ಬಿದ್ದಿದ್ದ ದಿನಗಳ ನೆರಳು ಕಾನೂನಿನಲ್ಲಿಯೂ ಉಳಿದಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಇದ್ದಿಲು, ಅದು ಕಾಡಿನಿಂದ ಬಂದಿರಲಿ ಬಾರದಿರಲಿ, ಅರಣ್ಯೋತ್ಪನ್ನ. ಲಾರಿಗಟ್ಟಲೆ ಸಾಗಿಸುವವರಿಗೆ ರಹದಾರಿ ಬೇಕಾಗುವುದು ಇದರಿಂದಲೇ. ಒಂದು ಚೀಲ ಕೊಳ್ಳುವ ಗೃಹಸ್ಥರು ಇದಕ್ಕೆ ಅಂಜಬೇಕಿಲ್ಲ.

ಅವರು ಅಂಜಬೇಕಾದದ್ದು ತಕ್ಕಡಿಗೆ. ಇದ್ದಿಲು ನೀರನ್ನು ಹೀರಿ ಹೊರಗೆ ತೋರಗೊಡದು. ನೀರು ಚಿಮುಕಿಸಿದ ಮೂಟೆ ತೂಗಿದರೆ ಕೊಂಡವರು ನೀರಿಗೂ ಇದ್ದಿಲಿನ ಬೆಲೆ ತೆರುತ್ತಾರೆ. ಮೂಟೆಯ ಲೆಕ್ಕದಲ್ಲಿ ಕೊಂಡರೆ ತಳದಲ್ಲಿ ಪುಡಿ ಸೇರಿರುತ್ತದೆ. ಕಿಲೋ ಲೆಕ್ಕದಲ್ಲಿ ಕೊಂಡರೆ ತೇವ. ಒಂದನ್ನು ತಪ್ಪಿಸಿಕೊಂಡವರು ಇನ್ನೊಂದಕ್ಕೆ ಸಿಕ್ಕಿಬೀಳುವುದೇ ಹೆಚ್ಚು. ಇಸ್ತ್ರಿಯವರು ಮಾಡುವ ಪರೀಕ್ಷೆಯೇ ಸರಿಯಾದುದು. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಬೇಕು. ಚೆನ್ನಾಗಿ ಬೆಂದು ಒಣಗಿದ ಇದ್ದಿಲು ಲೋಹದಂತೆ ಠಣ್ಣೆನ್ನುತ್ತದೆ. ತೇವವಿದ್ದರೆ ಮಂಕು ಸದ್ದು. ಮುರಿದಾಗ ಒಳಮೈ ಕಪ್ಪಗೆ ಹೊಳೆಯಬೇಕು. ನಡುವೆ ಕಂದು ಬಣ್ಣ ಕಂಡರೆ ಅದು ಅರೆಬೆಂದ ಕಟ್ಟಿಗೆ. ಹೊತ್ತಿಸಿದಾಗ ಕಣ್ಣುರಿಯುವ ಹೊಗೆ ಬರುವುದು ಅದರಿಂದಲೇ. ಮೂಟೆಯ ಬಾಯಿಯನ್ನಷ್ಟೇ ನೋಡದೆ ತಳಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ನೋಡುವುದಕ್ಕೆ ಸಂಕೋಚಪಡಬಾರದು; ಮಸಿ ತೊಳೆದರೆ ಹೋಗುತ್ತದೆ.

ಬೆಲೆಯ ಮಾತು ಬಂದಾಗ ಇದ್ದಿಲು ಅಗ್ಗವೆಂಬ ನಂಬಿಕೆಯನ್ನು ಒಮ್ಮೆ ಲೆಕ್ಕಕ್ಕೆ ಒಡ್ಡುವುದು ಒಳ್ಳೆಯದು. ಒಂದು ಕಿಲೋ ಒಳ್ಳೆಯ ಇದ್ದಿಲಿನಲ್ಲಿ ಸುಮಾರು 7000 ಕಿಲೋಕ್ಯಾಲೊರಿ ಶಾಖವಿದೆ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 11,000. ಆದರೆ ಅನಿಲದ ಒಲೆ ತನ್ನ ಶಾಖದ ಅರ್ಧಕ್ಕಿಂತ ಹೆಚ್ಚನ್ನು ಪಾತ್ರೆಗೆ ಮುಟ್ಟಿಸಿದರೆ ತೆರೆದ ಇದ್ದಿಲ ಒಲೆ ಮುಟ್ಟಿಸುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಆ ಪ್ರಕಾರ 14.2 ಕಿಲೋ ಸಿಲಿಂಡರ್ ಮಾಡುವ ಕೆಲಸಕ್ಕೆ 50ರಿಂದ 60 ಕಿಲೋ ಇದ್ದಿಲು ಬೇಕು. ಬಡಾವಣೆಯ ಅಂಗಡಿಯಲ್ಲಿ ಕಿಲೋಗೆ ಕೇಳುವ ಬೆಲೆಯಿಂದ ಇದನ್ನು ಗುಣಿಸಿ ನೋಡಿದವರಿಗೆ ಅಗ್ಗದ ಮಾತು ಮತ್ತೆ ಬಾಯಿಗೆ ಬರಲಾರದು.

ಹೊಗೆ ಎಚ್ಚರಿಸುತ್ತದೆ, ಕೆಂಡ ಎಚ್ಚರಿಸದು

ಹಸಿ ಸೌದೆ ಹೊತ್ತಿಸಿದರೆ ಕೋಣೆಯಲ್ಲಿ ಯಾರೂ ನಿಲ್ಲರು. ಕೆಮ್ಮು ಬರುತ್ತದೆ, ಕಣ್ಣು ತುಂಬುತ್ತದೆ, ಬಾಗಿಲು ತಾನಾಗಿಯೇ ತೆರೆಯುತ್ತದೆ. ಇದ್ದಿಲಿನ ಗುಣವೆಂದು ಹೊಗಳುವುದು ಇದು ಇಲ್ಲವೆಂಬುದನ್ನೇ. ಮನೆಯವರನ್ನು ಹೊರಗಟ್ಟುವ ಹೊಗೆ ಇಲ್ಲದಿರುವುದರಿಂದ ಅವರು ಕೋಣೆಯಲ್ಲಿಯೇ ಉಳಿಯುತ್ತಾರೆ.

ಕೆಂಡದ ರಾಶಿಯ ತಳದಲ್ಲಿ ಗಾಳಿ ಧಾರಾಳವಾಗಿ ಸಿಕ್ಕಿದಾಗ ಇಂಗಾಲ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ಮೇಲಿನ ಕೆಂಪು ಕೆಂಡಗಳ ನಡುವೆ ಹಾದುಬರುವಾಗ ಮತ್ತೊಂದಿಷ್ಟು ಇಂಗಾಲವನ್ನು ಸೇರಿಸಿಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಬೀಳುತ್ತದೆ. ಹೊಸದಾಗಿ ಹೊತ್ತಿದ ಅಗ್ಗಿಷ್ಟಿಕೆಯ ನೆತ್ತಿಯಲ್ಲಿ ಕುಣಿಯುವ ನೀಲಿ ನಾಲಗೆಯೇ ಆ ಅನಿಲ ಉರಿಯುವ ಗುರುತು. ನೀಲಿ ಜ್ವಾಲೆ ಅಡಗಿ, ಕೆಂಡ ಬೂದಿ ಹೊದ್ದು ಶಾಂತವಾಗಿ ಕುಳಿತಾಗ ಅನಿಲ ಉರಿಯದೆಯೇ ಕೋಣೆಗೆ ಸೇರುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟು ಇಲ್ಲಿ ಅಕ್ಷರಶಃ ಸತ್ಯ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಸೇರಿದರೆ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದಿರುತ್ತದೆ, ಆಮ್ಲಜನಕ ಮಾತ್ರ ಮಿದುಳಿಗೂ ಹೃದಯಕ್ಕೂ ತಲಪುವುದಿಲ್ಲ. ಮೊದಲು ತಲೆನೋವು, ಮಂಪರು, ವಾಕರಿಕೆ. ನಿದ್ದೆಯಲ್ಲಿದ್ದವರಿಗೆ ಈ ಯಾವ ಸೂಚನೆಯೂ ತಿಳಿಯುವುದಿಲ್ಲ.

ಎಷ್ಟು ಇದ್ದಿಲು ಅಪಾಯಕಾರಿ ಎಂಬುದನ್ನು ಒಂದು ಸಾಧಾರಣ ಲೆಕ್ಕದಿಂದ ಊಹಿಸಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಸುತ್ತದೆ. ನೂರು ಗ್ರಾಂ ಇದ್ದಿಲಿನಲ್ಲಿ, ಅಂದರೆ ಒಂದೆರಡು ಹಿಡಿಯಲ್ಲಿ, ಸುಮಾರು 75 ಗ್ರಾಂ ಇಂಗಾಲವಿದೆಯೆಂದು ಇಟ್ಟುಕೊಳ್ಳೋಣ. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಅರೆಬರೆ ಉರಿದರೂ ಹದಿನೇಳೂವರೆ ಗ್ರಾಂ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಗಾಳಿ ಆಡದ ಕೋಣೆಯಲ್ಲಿ ಅದು ಘನ ಮೀಟರಿಗೆ 600 ಮಿಲಿಗ್ರಾಂ ಮೀರುತ್ತದೆ. ಮನೆಯೊಳಗಿನ ಗಾಳಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ ಮಿತಿ ಹದಿನೈದು ನಿಮಿಷಕ್ಕೆ 100 ಮಿಲಿಗ್ರಾಂ, ಎಂಟು ಗಂಟೆಗೆ ಕೇವಲ 10. ಇಡೀ ದಿನದ ಸರಾಸರಿ 4 ಮಿಲಿಗ್ರಾಂ ಮೀರಬಾರದೆಂದು ಅದೇ ಸಂಸ್ಥೆ 2021ರಲ್ಲಿ ಇನ್ನಷ್ಟು ಬಿಗಿಗೊಳಿಸಿತು. ಅಗ್ಗಿಷ್ಟಿಕೆಗೆ ಹಾಕುವುದು ನೂರು ಗ್ರಾಂ ಅಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

2025ರ ನವೆಂಬರ್‌ನಲ್ಲಿ ಬೆಳಗಾವಿಯ ಮನೆಯೊಂದರಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಇಟ್ಟುಕೊಂಡು ಮಲಗಿದ್ದ ಯುವಕರ ಪೈಕಿ ಮೂವರು ಬೆಳಗಾಗುವಷ್ಟರಲ್ಲಿ ಉಸಿರುಗಟ್ಟಿ ಮೃತಪಟ್ಟಿದ್ದರು. ಅವರೆಲ್ಲ ಗಟ್ಟಿಮುಟ್ಟಾದ ಹರೆಯದವರು.

ಅಜ್ಜಿಯ ಮನೆ ಬೇರೆ, ಮೊಮ್ಮಗಳ ಮನೆ ಬೇರೆ

ಹಾಗಾದರೆ ತಲೆತಲಾಂತರದಿಂದ ಬಾಣಂತಿಯರಿಗೆ ಕೆಂಡ ಇಟ್ಟ ಹಿರಿಯರೆಲ್ಲ ತಪ್ಪು ಮಾಡಿದರೇ ಎಂದು ಕೇಳುವುದು ಸಹಜ. ಉತ್ತರ ಅವರ ಮನೆಯ ಮಾಡಿನಲ್ಲಿದೆ. ಹೆಂಚಿನ ಮನೆಯ ಸಂದುಗಳಲ್ಲಿ ಗಾಳಿ ಹಗಲಿರುಳು ಆಡುತ್ತಿತ್ತು. ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ, ಮಾಡಿನಲ್ಲಿ ಬೆಳಕಿಂಡಿ, ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದು. ಮುಚ್ಚಿದ ಮನೆಯೂ ಉಸಿರಾಡುತ್ತಿತ್ತು. ನಾಯಂಡಹಳ್ಳಿ, ಪಂತರಪಾಳ್ಯದ ಇಂದಿನ ಬಾಡಿಗೆ ಮನೆಗಳು ಹಾಗಿಲ್ಲ. ಕಾಂಕ್ರೀಟ್ ತಾರಸಿ, ಅಲ್ಯುಮಿನಿಯಂ ಚೌಕಟ್ಟಿನ ಜಾರುಕಿಟಕಿ, ಒಂದಕ್ಕೊಂದು ಅಂಟಿಕೊಂಡ ಗೋಡೆಗಳು. ಗವಾಕ್ಷಿಯಿದ್ದರೂ ಸೊಳ್ಳೆಗೂ ಹೆದ್ದಾರಿಯ ಧೂಳಿಗೂ ಹೆದರಿ ಅದಕ್ಕೆ ರಟ್ಟು ಬಡಿದಿರುತ್ತಾರೆ. ಬಾಣಂತಿಗೆ ಶೀತಗಾಳಿ ತಾಗಬಾರದೆಂದು ಬಾಗಿಲ ಸಂದಿಗೆ ಹಳೆಯ ಸೀರೆ ತುರುಕುವುದೂ ಉಂಟು. ಅಗ್ಗಿಷ್ಟಿಕೆ ಹಿಂದಿನದೇ, ಪ್ರೀತಿಯೂ ಹಿಂದಿನದೇ. ಅದರ ಸುತ್ತಲಿನ ಮನೆ ಮಾತ್ರ ಪೂರ್ತಿ ಬದಲಾಗಿದೆ.

ಹಸುಗೂಸಿನ ಪಾಲಿಗೆ ಈ ಬದಲಾವಣೆ ಇನ್ನೂ ಗಂಭೀರ. ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ನವಜಾತ ಶಿಶು 40ರಿಂದ 60 ಬಾರಿ ಉಸಿರಾಡುತ್ತದೆ. ತಲೆನೋವೆಂದು ಹೇಳಲು ಅದಕ್ಕೆ ಬಾರದು. ಹಾಲು ಕುಡಿಯದೆ ಸದಾ ಮಲಗಿರುವ ಮಗುವನ್ನು ಕಂಡು, ಬೆಚ್ಚಗಿದ್ದುದರಿಂದ ಚೆನ್ನಾಗಿ ನಿದ್ದೆ ಬಂದಿದೆಯೆಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಗರ್ಭಿಣಿಯರಿದ್ದರೂ ಇದೇ ಎಚ್ಚರಿಕೆ ಬೇಕು. ತಾಯಿಯ ರಕ್ತದಿಂದ ಗರ್ಭದ ಶಿಶುವಿಗೆ ದಾಟಿದ ಈ ಅನಿಲ ತಾಯಿಯ ಮೈಯಿಂದ ಹೊರಹೋದ ಮೇಲೂ ಅಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಕೆಲವು ನಂಬಿಕೆಗಳನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಕೆಂಡದ ಪಕ್ಕ ಒಂದು ಬೋಗುಣಿ ನೀರಿಟ್ಟರೆ ವಿಷ ಹೀರಿಕೊಳ್ಳುತ್ತದೆ ಎನ್ನುವವರಿದ್ದಾರೆ. ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ವಿಷಗಾಳಿ ಭಾರವಾಗಿ ನೆಲದ ಮೇಲೆ ಉಳಿಯುತ್ತದೆ, ಮಂಚದ ಮೇಲಿದ್ದವರಿಗೆ ತಾಗದು ಎಂಬ ಮಾತೂ ಇದೆ. ಈ ಅನಿಲ ಗಾಳಿಗಿಂತ ತುಸು ಹಗುರ. ಕೋಣೆಯ ತುಂಬ ಸಮನಾಗಿ ಬೆರೆಯುತ್ತದೆ. ಹೊರಗೆ ಚೆನ್ನಾಗಿ ಹೊತ್ತಿಸಿ, ಕಪ್ಪು ತುಂಡು ಒಂದೂ ಇಲ್ಲದಂತೆ ಮಾಡಿ ಒಳಗೆ ತಂದರೆ ಸಾಕೆಂಬುದರಲ್ಲಿ ಅರ್ಧ ಸತ್ಯವಿದೆ. ಅರೆಬೆಂದ ತುಂಡಿನ ಹೊಗೆಯೂ ಘಾಟೂ ಅದರಿಂದ ಕಳೆಯುತ್ತವೆ. ಮೊನಾಕ್ಸೈಡ್ ಮಾತ್ರ ಕೆಂಡವಿರುವವರೆಗೂ ಬರುತ್ತಲೇ ಇರುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ನಂಬುವುದಂತೂ ತೀರಾ ಅಪಾಯಕರ. ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತವೆಂದೇ ಓದಿ 98, 99 ಎಂದು ತೋರಿಸುತ್ತದೆ.

ಮಗುವಿಗೆ ಬೆಚ್ಚನೆಯ ಕೋಣೆ ಬೇಕೆಂಬ ಹಿರಿಯರ ಮಾತು ಮಾತ್ರ ವೈದ್ಯಕೀಯವಾಗಿಯೂ ಸರಿ. ನವಜಾತ ಶಿಶುವಿರುವ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದು. ಇದಕ್ಕೆ ಅತ್ಯಂತ ಅಗ್ಗದ ಸಾಧನ ತಾಯಿಯ ಮೈಯೇ. ಬರಿಮೈಯ ಮಗುವನ್ನು ತಾಯಿಯ ಎದೆಗೆ ಒರಗಿಸಿ ಮೇಲೊಂದು ಹೊದಿಕೆ ಹೊದಿಸುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳ ಕೊರತೆಯಿಂದಾಗಿ ಆರಂಭವಾಯಿತು. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ತಲೆಗೆ ಕುಲಾವಿ, ಕಾಲಿಗೆ ಚೀಲ, ಪದರಪದರವಾಗಿ ಬಟ್ಟೆ, ಒದ್ದೆ ಬಟ್ಟೆ ತಡವಿಲ್ಲದೆ ಬದಲಿಸುವುದು ಇವೆಲ್ಲ ಅಜ್ಜಿಯರಿಗೆ ತಿಳಿದದ್ದೇ. ಕೋಣೆಯೇ ತಣ್ಣಗಿದ್ದರೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಮಂಚದಿಂದ ದೂರವಿಟ್ಟು ಬಳಸಬಹುದು. ತಾಯಿಯ ಬೆನ್ನು, ಸೊಂಟಕ್ಕೆ ಕಾವು ಬೇಕಾದರೆ ಬಿಸಿನೀರಿನ ಚೀಲವಿದೆ.

ಕೆಂಡವನ್ನು ಕೈಬಿಡಲು ಮನೆಯ ಹಿರಿಯರು ಒಪ್ಪದಿದ್ದರೆ ಒಂದು ಮಧ್ಯಮ ಮಾರ್ಗ ಉಳಿದಿದೆ. ತಾಯಿ ಮಗು ಬೇರೆ ಕೋಣೆಯಲ್ಲಿರುವಾಗ, ಕಿಟಕಿ ಬಾಗಿಲು ತೆರೆದು, ಎಚ್ಚರವಿರುವ ಒಬ್ಬರ ಕಣ್ಣೆದುರು ಸ್ವಲ್ಪ ಹೊತ್ತು ಕೆಂಡವಿಟ್ಟು ಗೋಡೆ, ಹಾಸಿಗೆಗಳನ್ನು ಬೆಚ್ಚಗೆ ಮಾಡಿ, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದು, ಕೋಣೆಯ ಗಾಳಿ ಪೂರ್ತಿ ಬದಲಾದ ಮೇಲೆ ಅವರನ್ನು ಕರೆತರುವುದು. ತಲೆಗೆ ಸಾಂಬ್ರಾಣಿ ಹಾಕುವುದನ್ನೂ ಹೀಗೆಯೇ, ತೆರೆದ ಹಜಾರದಲ್ಲಿ, ಮಗುವನ್ನು ದೂರವಿರಿಸಿ ಮುಗಿಸಬಹುದು. ರಾತ್ರಿ ಮಲಗುವಾಗ ಮನೆಯೊಳಗೆ ಕೆಂಡ ಇರುವುದಕ್ಕೆ ಯಾವ ಮಧ್ಯಮ ಮಾರ್ಗವೂ ಇಲ್ಲ.

ಬಚ್ಚಲ ಬಾಯ್ಲರ್

ನಡುವೆ ಕೊಳವೆಯುಳ್ಳ ತಾಮ್ರದ ಬಾಯ್ಲರ್ ಇನ್ನೂ ಅನೇಕ ಬಚ್ಚಲುಗಳಲ್ಲಿದೆ. 2007ರಲ್ಲಿ ರಾಜ್ಯ ಸರ್ಕಾರ ಹೊಸ ಮನೆಗಳಿಗೆ ಸೌರ ಜಲತಾಪಕ ಕಡ್ಡಾಯಗೊಳಿಸಿದ ನಂತರ ಅದರ ಬಳಕೆ ತಗ್ಗಿದರೂ, ಮೋಡ ಕವಿದ ದಿನಗಳಿಗೆಂದು ಮೂಲೆಯಲ್ಲಿ ನಿಂತೇ ಇರುತ್ತದೆ. ಹೊರಗಿನ ತೆರೆದ ಜಾಗದಲ್ಲಿದ್ದರೆ ತಕರಾರಿಲ್ಲ. ಮುಚ್ಚಿದ ಸ್ನಾನಗೃಹದೊಳಗೆ ಅದನ್ನು ಉರಿಸಿ, ಬಾಗಿಲು ಹಾಕಿಕೊಂಡು ನಿಧಾನವಾಗಿ ಅಭ್ಯಂಜನ ಮಾಡುವುದು ಅಗ್ಗಿಷ್ಟಿಕೆಯಷ್ಟೇ ಅಪಾಯಕರ. ಗಾಳಿ ಆಡದ ಸ್ನಾನಗೃಹಗಳ ಗ್ಯಾಸ್ ಗೀಸರ್‌ನಿಂದ ಬೆಂಗಳೂರಿನಲ್ಲಿ ಸಂಭವಿಸಿರುವ ಸಾವುಗಳಿಗೂ ಇದೇ ಅನಿಲ ಕಾರಣ. ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಬೇಕಾದ ವಿದ್ಯುತ್ ಅರ್ಧ ಯೂನಿಟ್ಟಿಗೂ ಕಡಿಮೆ.

ನಾಯಂಡಹಳ್ಳಿಗೆ ವಿಶೇಷವಾದ ಇನ್ನೊಂದು ಮಾತಿದೆ. ಪ್ಲಾಸ್ಟಿಕ್ ಗುಜರಿ ಮತ್ತು ಮರುಬಳಕೆ ಘಟಕಗಳಿಗೆ ಹೆಸರಾದ ಪ್ರದೇಶ ಇದು. ಕೈಗಾರಿಕಾ ಪ್ರದೇಶಗಳಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳೂ ಸುಲಭವಾಗಿ ಸಿಗುತ್ತವೆ. ಬಿಟ್ಟಿ ಸಿಕ್ಕ ಉರುವಲನ್ನು ಒಲ್ಲೆನ್ನುವವರು ಕಡಿಮೆ. ಆದರೆ ಬಣ್ಣ ಬಳಿದ ಹಲಗೆ, ಪ್ಲೈವುಡ್, ಪುಡಿಮರದ ಹಾಳೆಗಳು ಸೌದೆಯಲ್ಲ. ಅವುಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಹಳೆಯ ಬಣ್ಣದಲ್ಲಿ ಸೀಸವಿರಬಹುದು. ವಿದೇಶದಿಂದ ಸರಕು ಹೊತ್ತುಬಂದ ಹಲಗೆಗಳ ಮೇಲೆ ಮುದ್ರೆ ಒತ್ತಿರುತ್ತದೆ. ಎಚ್‌ಟಿ ಎಂದಿದ್ದರೆ ಬಿಸಿಯಿಂದ ಕ್ರಿಮಿ ಕೊಂದದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲದಿಂದ ಕೊಂದದ್ದು. ಎರಡನೆಯದನ್ನು ಮನೆಯ ಹತ್ತಿರ ಸುಡಲೇಬಾರದು. ಹೊತ್ತಿಸಲು ಸುಲಭವೆಂದು ಪಿವಿಸಿ ಕೊಳವೆಯ ಚೂರನ್ನೋ ತಂತಿಯ ಹೊದಿಕೆಯನ್ನೋ ಒಲೆಗಿಟ್ಟರೆ ಹೈಡ್ರೊಕ್ಲೋರಿಕ್ ಆಮ್ಲದ ಆವಿಯೂ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಅಂಥ ಒಲೆಯ ಬೂದಿ ಪಾತ್ರೆ ಬೆಳಗಲೂ ಗಿಡಕ್ಕೆ ಹಾಕಲೂ ಬಾರದು. ಶುದ್ಧ ಕಟ್ಟಿಗೆಯ ಬೂದಿಯನ್ನೂ ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಒಂದು ಹಗಲು ಒಂದು ರಾತ್ರಿ ಹೊರಗಿಟ್ಟು ಆಮೇಲೆ ಕಸಕ್ಕೆ ಕೊಡಬೇಕು. ಅಡಗಿದ್ದ ಒಂದು ಕೆಂಡ ಕಸದ ಆಟೊವನ್ನೇ ಹೊತ್ತಿಸಬಲ್ಲದು.

ಅನುಮಾನ ಬಂದಾಗ

ಕೆಂಡವಿದ್ದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಏಕಕಾಲಕ್ಕೆ ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು ಕಂಡುಬಂದರೆ ಅದನ್ನು ಶೀತವೆಂದೋ ಊಟದ ದೋಷವೆಂದೋ ತಳ್ಳಿಹಾಕಬಾರದು. ಹೊರಗೆ ಹೋದಾಗ ತಲೆ ಹಗುರವಾಗಿ, ಒಳಬಂದಾಗ ಮತ್ತೆ ಭಾರವಾದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮೊದಲು ಮಗುವನ್ನೂ ತಾಯಿಯನ್ನೂ ಬಯಲಿಗೆ ಕರೆತರಬೇಕು. ಕೆಂಡ ಹೊರಗೆ ಸಾಗಿಸುವುದು, ಕಿಟಕಿ ತೆರೆಯುವುದು ಆಮೇಲಿನ ಮಾತು. ಕೋಣೆಯಲ್ಲಿ ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಉಸಿರು ಬಿಗಿಹಿಡಿದು ಒಳಹೋಗಿ ಎಳೆದುತರಬೇಕು. ಒಳಗೇ ನಿಂತು ಆರೈಕೆಗೆ ತೊಡಗಿದವರೂ ಅಲ್ಲಿಯೇ ಕುಸಿಯುತ್ತಾರೆ. ನಂತರ 108ಕ್ಕೆ ಕರೆ ಮಾಡಬೇಕು.

ಬರಿಯ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಆದುದರಿಂದ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗುವುದು ಅವಶ್ಯ. ಅಲ್ಲಿ ವೈದ್ಯರು ಜ್ವರವೇ, ವಾಂತಿಯೇ, ಏನು ತಿಂದಿರಿ ಎಂದೆಲ್ಲ ಕೇಳುತ್ತಾರೆ. ಬೆಂಗಳೂರಿನಲ್ಲಿ ಕೋಣೆ ಬೆಚ್ಚಗಿಡಲು ಯಾರಾದರೂ ಇದ್ದಿಲು ಉರಿಸಿರಬಹುದೆಂದು ಅವರಿಗೆ ತಟ್ಟನೆ ಹೊಳೆಯದಿರಬಹುದು. ಕೇಳುವವರೆಗೆ ಕಾಯದೆ, ಬಾಗಿಲಲ್ಲಿಯೇ, ಕೋಣೆಯಲ್ಲಿ ಕೆಂಡವಿತ್ತು, ಇಂತಿಷ್ಟು ಹೊತ್ತು ಇತ್ತು, ಕಿಟಕಿ ಮುಚ್ಚಿತ್ತು ಎಂದು ಹೇಳಬೇಕು.